ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ: ಪ್ರದರ್ಶನಗಳು ಮತ್ತು ಸಾರ್ವಜನಿಕ ಕಾರ್ಯಕ್ರಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಓದಿಗೆ, ಕೆಲಸಕ್ಕೆ ಅಥವಾ ಮಕ್ಕಳ ಮನೆಗೆಂದು ಲಂಡನ್ನಿಗೆ ಹೋಗುವ ಕನ್ನಡಿಗರಲ್ಲಿ ಬಹಳಷ್ಟು ಮಂದಿ ಟ್ರಫಾಲ್ಗರ್ ಚೌಕದವರೆಗೆ ಹೋಗಿ, ಅದರ ಮಗ್ಗುಲಲ್ಲೇ ಇರುವ ಭಾವಚಿತ್ರಗಳ ಈ ಗ್ಯಾಲರಿಯನ್ನು ಗಮನಿಸದೆ ಹಿಂತಿರುಗುತ್ತಾರೆ. ಅಲ್ಲಿಗೆ ಹೋಗಬಯಸುವವರಿಗೂ, ಇಲ್ಲಿಂದಲೇ ಅದರ ಸಂಗ್ರಹವನ್ನು ಬಳಸಿಕೊಳ್ಳಬಯಸುವವರಿಗೂ ನೆರವಾಗಲೆಂದು ಈ ಉತ್ತರಗಳನ್ನು ಬರೆಯಲಾಗಿದೆ. ಇದು ಗ್ಯಾಲರಿಯ ಅಧಿಕೃತ ಪ್ರಕಟಣೆಯಲ್ಲ. ಟಿಕೆಟ್ ದರ, ದಿನಾಂಕ ಮತ್ತು ಸಮಯಗಳನ್ನು ಹೊರಡುವ ಮೊದಲು ಗ್ಯಾಲರಿಯ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಬೇಕು.

ಇದೂ ನ್ಯಾಷನಲ್ ಗ್ಯಾಲರಿಯೂ ಒಂದೇ ಅಲ್ಲವೇ?

ಅಲ್ಲ. ಎರಡು ಕಟ್ಟಡಗಳೂ ಬೆನ್ನಿಗೆ ಬೆನ್ನು ತಾಗಿಸಿಕೊಂಡಂತಿವೆ, ಆದರೆ ಎರಡೂ ಬೇರೆ ಬೇರೆ ಸಂಸ್ಥೆಗಳು. ನ್ಯಾಷನಲ್ ಗ್ಯಾಲರಿಯು ಯುರೋಪಿನ ವರ್ಣಚಿತ್ರಕಲೆಯ ಸಂಗ್ರಹ. ಅಲ್ಲಿ ಚಿತ್ರಕಾರನೇ ಮುಖ್ಯ. ಪೋರ್ಟ್ರೇಟ್ ಗ್ಯಾಲರಿಯಲ್ಲಿ ಚಿತ್ರದೊಳಗಿರುವ ವ್ಯಕ್ತಿ ಯಾರು ಎಂಬುದು ಮೊದಲ ಪ್ರಶ್ನೆ.

1856ರಲ್ಲಿ ಗ್ಯಾಲರಿ ಸ್ಥಾಪನೆಯಾದಾಗ ಅದರ ಧರ್ಮದರ್ಶಿಗಳು ತಮಗೆ ತಾವೇ ಒಂದು ನಿಯಮ ಹಾಕಿಕೊಂಡರು: ಚಿತ್ರವನ್ನು ಕೊಳ್ಳುವಾಗಲಾಗಲಿ ಕಾಣಿಕೆಯಾಗಿ ಪಡೆಯುವಾಗಲಾಗಲಿ ಕಲಾವಿದನ ಕೈಚಳಕಕ್ಕಿಂತ ಚಿತ್ರಿತ ವ್ಯಕ್ತಿಯ ಪ್ರಸಿದ್ಧಿಯನ್ನೇ ನೋಡಬೇಕು; ಆ ವ್ಯಕ್ತಿ ಎಂಥ ದೊಡ್ಡ ತಪ್ಪುಗಳನ್ನು ಮಾಡಿದ್ದರೂ ಅದೊಂದೇ ಕಾರಣಕ್ಕೆ ಅವನ ಚಿತ್ರವನ್ನು ಹೊರಗಿಡಬಾರದು. ಈ ನಿಯಮ ನೆನಪಿನಲ್ಲಿದ್ದರೆ ಒಳಗಿನ ಅನೇಕ ಸಂಗತಿಗಳು ಅರ್ಥವಾಗುತ್ತವೆ. ಕಲೆಯ ದೃಷ್ಟಿಯಿಂದ ಸಾಧಾರಣವೆನಿಸುವ ಚಿತ್ರಗಳು ಗೌರವದ ಸ್ಥಾನದಲ್ಲಿರುವುದೂ, ನಮ್ಮ ನಾಡಿನ ಮೇಲೆ ದಂಡೆತ್ತಿ ಬಂದವರು ಗೋಡೆಯ ಮೇಲೆ ಕಾಣಸಿಗುವುದೂ ಇದರಿಂದಲೇ.

ಸ್ಥಾಪಕರು ಯಾರು?

ಸಂಸತ್ತಿನಲ್ಲಿ ಈ ಬೇಡಿಕೆಯನ್ನು ಮತ್ತೆ ಮತ್ತೆ ಮುಂದಿಟ್ಟವನು ಐದನೆಯ ಅರ್ಲ್ ಸ್ಟ್ಯಾನ್‌ಹೋಪ್. ಅವನ ಬೆಂಬಲಕ್ಕೆ ನಿಂತವರಲ್ಲಿ ಲೇಖಕ ಥಾಮಸ್ ಕಾರ್ಲೈಲ್ ಮತ್ತು ಇತಿಹಾಸಕಾರ ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ ಪ್ರಮುಖರು. ಭಾರತದ ಇಂಗ್ಲಿಷ್ ಶಿಕ್ಷಣದ ಕುರಿತ 1835ರ ಟಿಪ್ಪಣಿಯಿಂದ ನಮಗೆಲ್ಲ ಪರಿಚಿತನಾದ ಮೆಕಾಲೆಯೇ ಇವನು. ಈ ಮೂವರ ಪ್ರತಿಮೆಗಳು ಕಟ್ಟಡದ ಹಳೆಯ ಪ್ರವೇಶದ್ವಾರದ ಮೇಲಿವೆ. ಸಂಗ್ರಹಕ್ಕೆ ಮೊದಲು ಬಂದ ಚಿತ್ರ ಷೇಕ್ಸ್‌ಪಿಯರನದೆಂದು ನಂಬಲಾದ, ಚಾಂಡೋಸ್ ಭಾವಚಿತ್ರವೆಂದು ಹೆಸರಾದ ತೈಲಚಿತ್ರ. ಅದರ ಸಂಗ್ರಹ ಸಂಖ್ಯೆ ಇಂದಿಗೂ 1. ಗ್ಯಾಲರಿ 1859ರಲ್ಲಿ ವೆಸ್ಟ್‌ಮಿನ್‌ಸ್ಟರಿನ ಒಂದು ಮನೆಯಲ್ಲಿ ಸಾರ್ವಜನಿಕರಿಗೆ ತೆರೆಯಿತು, ಹಲವು ಕಡೆ ಸ್ಥಳ ಬದಲಿಸಿತು, 1896ರಲ್ಲಿ ಈಗಿನ ಸೇಂಟ್ ಮಾರ್ಟಿನ್ಸ್ ಪ್ಲೇಸ್‌ನ ಕಟ್ಟಡಕ್ಕೆ ಬಂದು ನೆಲೆಸಿತು.

ಪ್ರವೇಶಕ್ಕೆ ಹಣ ಕೊಡಬೇಕೇ? ಯಾವಾಗ ತೆರೆದಿರುತ್ತದೆ?

ಕಾಯಂ ಸಂಗ್ರಹವನ್ನು ನೋಡಲು ಹಣ ಕೊಡಬೇಕಾಗಿಲ್ಲ. ದೊಡ್ಡ ವಿಶೇಷ ಪ್ರದರ್ಶನಗಳಿಗೆ ಟಿಕೆಟ್ ಇರುತ್ತದೆ; ಸದಸ್ಯರಿಗೆ ಅವೂ ಉಚಿತ. ಸಾಮಾನ್ಯವಾಗಿ ಬೆಳಿಗ್ಗೆ 10.30ರಿಂದ ಸಂಜೆ 6ರವರೆಗೆ ತೆರೆದಿದ್ದು, ಶುಕ್ರವಾರ ಮತ್ತು ಶನಿವಾರ ರಾತ್ರಿ 9ರವರೆಗೆ ಬಾಗಿಲು ಹಾಕುವುದಿಲ್ಲ. ಹತ್ತಿರದ ರೈಲು ನಿಲ್ದಾಣಗಳು ಚೇರಿಂಗ್ ಕ್ರಾಸ್ ಮತ್ತು ಲೆಸ್ಟರ್ ಸ್ಕ್ವೇರ್.

ಬದುಕಿರುವವರ ಚಿತ್ರಗಳೂ ಇರುತ್ತವೆಯೇ?

ಈಗ ಇರುತ್ತವೆ. ಮೊದಲು ಇರಲಿಲ್ಲ. ಆಳುತ್ತಿರುವ ದೊರೆ ಮತ್ತು ಅವರ ಸಂಗಾತಿಯನ್ನು ಬಿಟ್ಟರೆ, ತೀರಿಕೊಂಡು ಹತ್ತು ವರ್ಷಗಳಾಗದವರ ಚಿತ್ರವನ್ನು ಸಂಗ್ರಹಕ್ಕೆ ಸೇರಿಸಬಾರದೆಂಬ ಕಟ್ಟಳೆ ನೂರು ವರ್ಷಕ್ಕೂ ಹೆಚ್ಚು ಕಾಲ ಜಾರಿಯಲ್ಲಿತ್ತು. ಖ್ಯಾತಿ ಎಂಬುದು ಕಾಲದ ಪರೀಕ್ಷೆಯಲ್ಲಿ ಉಳಿಯಲಿ ಎಂಬುದು ಅದರ ಹಿಂದಿನ ವಿವೇಕ. 1969ರಲ್ಲಿ ಈ ಕಟ್ಟಳೆಯನ್ನು ಕೈಬಿಟ್ಟ ಮೇಲೆ ಗ್ಯಾಲರಿಯ ಸ್ವರೂಪವೇ ಬದಲಾಯಿತು. ಸಮಕಾಲೀನರ ಚಿತ್ರಗಳನ್ನು ಕಲಾವಿದರಿಂದ ಹೇಳಿ ಮಾಡಿಸುವ ಪದ್ಧತಿ ಬೆಳೆಯಿತು, ಭಾವಚಿತ್ರವೆಂದರೆ ಕ್ಯಾನ್‌ವಾಸಿನ ಮೇಲಿನ ಎಣ್ಣೆಬಣ್ಣವೇ ಆಗಬೇಕೆಂಬ ನಂಬಿಕೆ ಸಡಿಲವಾಯಿತು. ಸ್ಯಾಮ್ ಟೇಲರ್-ವುಡ್ 2004ರಲ್ಲಿ ಮಾಡಿದ ಫುಟ್ಬಾಲ್ ಆಟಗಾರ ಡೇವಿಡ್ ಬೆಕಮ್ ಭಾವಚಿತ್ರವು ಅವರು ನಿದ್ದೆ ಮಾಡುತ್ತಿರುವ, ಒಂದು ಗಂಟೆಗೂ ಹೆಚ್ಚು ಉದ್ದದ ವಿಡಿಯೊ. ಮಾರ್ಕ್ ಕ್ವಿನ್ ತನ್ನ ತಲೆಯ ಅಚ್ಚಿಗೆ ತನ್ನದೇ ರಕ್ತವನ್ನು ತುಂಬಿ ಹೆಪ್ಪುಗಟ್ಟಿಸಿದ ಕೃತಿಯನ್ನೂ ಗ್ಯಾಲರಿ ಕೊಂಡುಕೊಂಡಿದೆ. ಮಲಾಲಾ ಯೂಸುಫ್‌ಝಾಯಿ ಅವರ ಛಾಯಾಚಿತ್ರವನ್ನು 2018ರಲ್ಲಿ ಇರಾನ್ ಮೂಲದ ಕಲಾವಿದೆ ಶಿರೀನ್ ನೆಶಾತ್ ಅವರಿಂದ ಮಾಡಿಸಲಾಯಿತು. ಅದರ ಮೇಲೆ ಪಶ್ತೊ ಕವಿತೆಯೊಂದನ್ನು ಕೈಬರಹದಲ್ಲಿ ಬರೆಯಲಾಗಿದೆ.

ಕಾಯಂ ಸಂಗ್ರಹವೇ ಉಚಿತವಾಗಿರುವಾಗ ವಿಶೇಷ ಪ್ರದರ್ಶನಕ್ಕೆ ಹಣ ಕೊಟ್ಟು ಯಾಕೆ ಹೋಗಬೇಕು?

ಈ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕು. ಕಾಯಂ ಸಂಗ್ರಹದಲ್ಲಿ ನಡೆಯುತ್ತ ಹೋದರೆ ಟ್ಯೂಡರ್ ದೊರೆಗಳಿಂದ ಇಂದಿನವರೆಗಿನ ಬ್ರಿಟನ್ನಿನ ಕಥೆ ಒಂದು ಕ್ರಮದಲ್ಲಿ ತೆರೆದುಕೊಳ್ಳುತ್ತದೆ. ಆ ಕ್ರಮವನ್ನು ಪ್ರಶ್ನಿಸುವ, ಅದರಲ್ಲಿ ಬಿಟ್ಟುಹೋದವರನ್ನು ಕರೆತರುವ ಕೆಲಸ ನಡೆಯುವುದು ವಿಶೇಷ ಪ್ರದರ್ಶನಗಳಲ್ಲಿ. 2024ರಲ್ಲಿ ಎಕೊ ಎಶುನ್ ರೂಪಿಸಿದ ಪ್ರದರ್ಶನವೊಂದರಲ್ಲಿ ಆಫ್ರಿಕಾ ಮೂಲದ 22 ಕಲಾವಿದರು ಕಪ್ಪುಜನರ ಆಕೃತಿಯನ್ನು ಹೇಗೆ ಚಿತ್ರಿಸಿದ್ದಾರೆ ಎಂಬುದನ್ನು ತೋರಿಸಲಾಯಿತು. ಕಪ್ಪುಜನರು ಚಿತ್ರದ ಮೂಲೆಯಲ್ಲಿ ಸೇವಕರಾಗಿ ಮಾತ್ರ ಕಾಣಿಸಿಕೊಳ್ಳುತ್ತಿದ್ದ ಪರಂಪರೆಯ ಎದುರು ಅದನ್ನಿಟ್ಟು ನೋಡಿದರೆ ಆ ಪ್ರದರ್ಶನದ ತೂಕ ತಿಳಿಯುತ್ತದೆ. ಅದೇ ವರ್ಷ ಎಂಟನೆಯ ಹೆನ್ರಿಯ ಆರು ರಾಣಿಯರ ಬಗ್ಗೆ ಇನ್ನೊಂದು ಪ್ರದರ್ಶನ ನಡೆಯಿತು. ಗಂಡನ ಕಥೆಯ ಪಾತ್ರಗಳಾಗಿಯಷ್ಟೇ ನೆನಪಿನಲ್ಲಿದ್ದ ಆ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡುವ ಪ್ರಯತ್ನ ಅದು.

ಇವುಗಳ ಜೊತೆಗೆ ಒಬ್ಬನೇ ಕಲಾವಿದನ ಮೇಲೆ ಕೇಂದ್ರೀಕರಿಸುವ ಪ್ರದರ್ಶನಗಳೂ ಇರುತ್ತವೆ. 2012ರ ಲೂಸಿಯನ್ ಫ್ರಾಯ್ಡ್, 2024ರ ಕೊನೆಯಲ್ಲಿ ಆರಂಭವಾದ ಫ್ರಾನ್ಸಿಸ್ ಬೇಕನ್, 2025ರ ಎಡ್ವರ್ಡ್ ಮುಂಕ್ ಮತ್ತು ಜೆನ್ನಿ ಸ್ಯಾವಿಲ್ ಪ್ರದರ್ಶನಗಳು ಈ ಬಗೆಯವು. ಡೇವಿಡ್ ಹಾಕ್ನಿಯ ರೇಖಾಚಿತ್ರಗಳ ಪ್ರದರ್ಶನ 2020ರಲ್ಲಿ ಆರಂಭವಾಗಿ ಕೋವಿಡ್ ಕಾರಣದಿಂದ ಕೆಲವೇ ವಾರಗಳಲ್ಲಿ ನಿಂತುಹೋಯಿತು. 2023ರ ನವೆಂಬರಿನಲ್ಲಿ ಹೊಸ ಚಿತ್ರಗಳನ್ನೂ ಸೇರಿಸಿಕೊಂಡು ಮತ್ತೆ ತೆರೆಯಿತು. ಇಂಥ ಪ್ರದರ್ಶನಗಳಿಗೆ ಕೃತಿಗಳು ಹಲವು ದೇಶಗಳ ಸಂಗ್ರಹಾಲಯಗಳಿಂದ, ಖಾಸಗಿ ಮನೆಗಳಿಂದ ಎರವಲಾಗಿ ಬರುತ್ತವೆ. ಮುಗಿದ ಮೇಲೆ ತಂತಮ್ಮ ಜಾಗಕ್ಕೆ ಮರಳುತ್ತವೆ. ಅವು ಮತ್ತೆ ಒಂದೇ ಕೋಣೆಯಲ್ಲಿ ಸೇರುವುದು ನಮ್ಮ ಜೀವಿತಾವಧಿಯಲ್ಲಿ ಆಗದೆಯೂ ಇರಬಹುದು. ಹಣ ಕೊಟ್ಟು ನೋಡಬೇಕಾದ ಕಾರಣ ಇದೇ ಎಂದು ನಾನು ತಿಳಿಯುತ್ತೇನೆ.

ಚಿತ್ರದಲ್ಲಿರುವವರು ಇವರೇ ಎಂದು ಹೇಗೆ ತೀರ್ಮಾನಿಸುತ್ತಾರೆ?

ಒಡವೆ, ಉಡುಪು, ಮರದ ಹಲಗೆಯ ವಯಸ್ಸು, ಹಳೆಯ ಆಸ್ತಿಪಟ್ಟಿಗಳು, ಕ್ಷಕಿರಣ ಪರೀಕ್ಷೆ ಇವೆಲ್ಲ ನೆರವಿಗೆ ಬರುತ್ತವೆ. ಆದರೂ ತೀರ್ಮಾನಗಳು ಬದಲಾಗುತ್ತವೆ. 1965ರಲ್ಲಿ ಗ್ಯಾಲರಿ ಕೊಂಡ ಟ್ಯೂಡರ್ ಕಾಲದ ನಿಲುವಿನ ಚಿತ್ರವೊಂದನ್ನು ಮೂವತ್ತು ವರ್ಷ, ಕೆಲವೇ ದಿನ ಇಂಗ್ಲೆಂಡಿನ ರಾಣಿಯಾಗಿದ್ದ ಲೇಡಿ ಜೇನ್ ಗ್ರೇ ಎಂದೇ ತೋರಿಸಲಾಗುತ್ತಿತ್ತು. ಅವಳು ಎದೆಯ ಮೇಲೆ ತೊಟ್ಟ ಕಿರೀಟದಾಕಾರದ ಪದಕವು ಹೆನ್ರಿಯ ಕೊನೆಯ ರಾಣಿ ಕ್ಯಾಥರೀನ್ ಪಾರ್ ಒಡವೆಗಳ ಪಟ್ಟಿಯಲ್ಲಿದೆ ಎಂದು 1996ರಲ್ಲಿ ಸಂಶೋಧಕಿಯೊಬ್ಬರು ತೋರಿಸಿದ ಮೇಲೆ ಹೆಸರಿನ ಫಲಕ ಬದಲಾಯಿತು.

ಬಣ್ಣವೂ ನಮ್ಮನ್ನು ದಾರಿ ತಪ್ಪಿಸಬಹುದು. ಮೊದಲನೆಯ ಎಲಿಜಬೆತ್ ರಾಣಿಯ ಡಾರ್ನ್ಲಿ ಭಾವಚಿತ್ರದಲ್ಲಿ ಮುಖ ಸುಣ್ಣದಂತೆ ಬಿಳಿಚಿಕೊಂಡಿದೆ. ರಾಣಿಯ ಬಗ್ಗೆ ಜನಮನದಲ್ಲಿರುವ ಕಲ್ಪನೆಗೂ ಅದು ಒಂದು ಆಧಾರವಾಯಿತು. ಗ್ಯಾಲರಿಯ ತಾಂತ್ರಿಕ ಸಂಶೋಧನೆಯಿಂದ ತಿಳಿದುಬಂದಂತೆ, ಮೂಲದಲ್ಲಿ ಬಳಸಿದ್ದ ಕೆಂಪು ಬಣ್ಣ ಶತಮಾನಗಳ ಬೆಳಕಿಗೆ ಮಾಸಿಹೋಗಿದೆ, ಮೊದಲು ಆ ಕೆನ್ನೆಗಳಲ್ಲಿ ರಂಗು ಇತ್ತು. ಈ ಬಗೆಯ ಶೋಧಗಳನ್ನು ವಿವರಿಸುವ ಸಣ್ಣ ಪ್ರದರ್ಶನಗಳು ಕಾಯಂ ಸಂಗ್ರಹದ ನಡುವೆಯೇ ಏರ್ಪಡುತ್ತವೆ. ದೊಡ್ಡ ಹೆಸರಿನ ಪ್ರದರ್ಶನಗಳ ಗದ್ದಲದಲ್ಲಿ ಇವನ್ನು ತಪ್ಪಿಸಿಕೊಳ್ಳಬೇಡಿ.

ನಾನು ನೋಡಬೇಕೆಂದುಕೊಂಡ ಚಿತ್ರ ಗೋಡೆಯ ಮೇಲೆ ಇಲ್ಲದಿದ್ದರೆ?

ಹಾಗಾಗುವ ಸಂಭವ ಹೆಚ್ಚು. ಛಾಯಾಚಿತ್ರಗಳೇ ಎರಡೂವರೆ ಲಕ್ಷದಷ್ಟಿರುವ ಈ ಸಂಗ್ರಹದಲ್ಲಿ ಒಂದು ಹೊತ್ತಿಗೆ ತೋರಿಸಲಾಗುವುದು ಅಲ್ಪಭಾಗ ಮಾತ್ರ. ಕಾಗದದ ಮೇಲಿನ ಕೃತಿಗಳು ಮತ್ತು ಛಾಯಾಚಿತ್ರಗಳು ಬೆಳಕಿಗೆ ಬೇಗ ಹಾಳಾಗುವುದರಿಂದ ಅವನ್ನು ಮಂದ ಬೆಳಕಿನಲ್ಲಿ ಕೆಲವು ತಿಂಗಳು ಮಾತ್ರ ಇಟ್ಟು ಮತ್ತೆ ಕತ್ತಲೆಯ ಉಗ್ರಾಣಕ್ಕೆ ಒಯ್ಯುತ್ತಾರೆ. ಬೇರೆ ಊರುಗಳಿಗೆ ಎರವಲು ಹೋದವೂ ಇರುತ್ತವೆ. ಪ್ರತಿ ಕೃತಿಯ ಜಾಲಪುಟದಲ್ಲಿ ಅದು ಸದ್ಯ ಪ್ರದರ್ಶನದಲ್ಲಿದೆಯೇ, ಇದ್ದರೆ ಯಾವ ಕೋಣೆಯಲ್ಲಿದೆ ಎಂಬ ಮಾಹಿತಿ ಸಿಗುತ್ತದೆ.

2023ರಲ್ಲಿ ಮತ್ತೆ ತೆರೆದಾಗ ಏನು ಬದಲಾಗಿತ್ತು?

2020ರ ಮಾರ್ಚಿನಿಂದ ಮುಚ್ಚಿದ್ದ ಗ್ಯಾಲರಿ 2023ರ ಜೂನ್ 22ರಂದು ತೆರೆಯಿತು. ವಾಸ್ತುಶಿಲ್ಪಿ ಜೇಮೀ ಫೋಬರ್ಟ್ ಅವರ ವಿನ್ಯಾಸದಲ್ಲಿ ಹೊಸ ಪ್ರವೇಶದ್ವಾರ ಬಂದಿತು, ಮುಚ್ಚಿಹೋಗಿದ್ದ ಕಿಟಕಿಗಳು ತೆರೆದುಕೊಂಡವು, ಶಿಕ್ಷಣ ಚಟುವಟಿಕೆಗಳಿಗೆ ಹೊಸ ಕೇಂದ್ರ ಸಿದ್ಧವಾಯಿತು.

ಬಾಗಿಲುಗಳ ಮುಂದೆ ಒಂದು ನಿಮಿಷ ನಿಲ್ಲಿ. ಕಟ್ಟಡದ ಹೊರಗೋಡೆಯ ಶಿಲ್ಪಗಳಲ್ಲಿರುವವರೆಲ್ಲ ಗಂಡಸರು. ಅದಕ್ಕೆ ಎದುರುತ್ತರವೆಂಬಂತೆ ಕಲಾವಿದೆ ಟ್ರೇಸಿ ಎಮಿನ್ ಮೂರು ಕಂಚಿನ ಬಾಗಿಲುಗಳ ಮೇಲೆ 45 ಹೆಂಗಸರ ಮುಖಗಳನ್ನು ಮೂಡಿಸಿದ್ದಾರೆ. ಅವರು ಯಾರೆಂದು ಹೆಸರಿಲ್ಲ, ಪ್ರಸಿದ್ಧರೇ ಆಗಬೇಕೆಂಬ ಷರತ್ತೂ ಇಲ್ಲ. ಪ್ರಸಿದ್ಧಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡು ಹುಟ್ಟಿದ ಸಂಸ್ಥೆಯೊಂದು ತನ್ನ ಹೊಸ್ತಿಲಲ್ಲೇ ಹೆಸರಿಲ್ಲದವರನ್ನು ನಿಲ್ಲಿಸಿರುವುದು ಸಣ್ಣ ಬದಲಾವಣೆಯಲ್ಲ. ಒಳಗೆ, 1900ರ ನಂತರದ ಅವಧಿಯ ಕೋಣೆಗಳಲ್ಲಿ ಮಹಿಳೆಯರ ಭಾವಚಿತ್ರಗಳ ಪಾಲು ಶೇ. 35ರಿಂದ ಶೇ. 48ಕ್ಕೆ ಏರಿತು.

ಹದಿನೆಂಟನೆಯ ಶತಮಾನದ ಇಂಗ್ಲಿಷ್ ಚಿತ್ರಕಾರ ರೇನಾಲ್ಡ್ಸ್ ಚಿತ್ರಿಸಿದ ಮಾಯ್ ಎಂಬ ಪೆಸಿಫಿಕ್ ದ್ವೀಪವಾಸಿಯ ಭಾವಚಿತ್ರವೂ ಅದೇ ವರ್ಷ ಬಂದದ್ದು. 5 ಕೋಟಿ ಪೌಂಡ್ ಬೆಲೆಯ ಆ ಚಿತ್ರವನ್ನು ಅಮೆರಿಕದ ಗೆಟ್ಟಿ ಸಂಗ್ರಹಾಲಯದೊಂದಿಗೆ ಜಂಟಿಯಾಗಿ ಕೊಳ್ಳಲಾಗಿದ್ದು, ಎರಡೂ ಸಂಸ್ಥೆಗಳು ಅದನ್ನು ಸರದಿಯಂತೆ ಪ್ರದರ್ಶಿಸುತ್ತವೆ.

ಭಾರತಕ್ಕೆ, ಅದರಲ್ಲೂ ಮೈಸೂರಿಗೆ ಸಂಬಂಧಿಸಿದ್ದು ಏನಾದರೂ ಇದೆಯೇ?

ಇದೆ, ಆದರೆ ಹೆಚ್ಚಿನದು ಗೆದ್ದವರ ಕಡೆಯದು. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಕಾರ್ನ್‌ವಾಲಿಸನನ್ನು ಗೇನ್ಸ್‌ಬರೋ 1783ರಲ್ಲಿ, ಅಂದರೆ ಆತ ಗವರ್ನರ್ ಜನರಲ್ ಆಗಿ ಬರುವ ಮೊದಲೇ ಚಿತ್ರಿಸಿದ್ದಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದವನು, ಭಾರತದಲ್ಲಿದ್ದಾಗಲೇ 1804ರಲ್ಲಿ ರಾಬರ್ಟ್ ಹೋಮ್ ಎಂಬ ಕಲಾವಿದನಿಂದ ಬರೆಸಿಕೊಂಡ ಚಿತ್ರವೂ ಇದೇ ಸಂಗ್ರಹದ್ದು. ಈ ಹೋಮ್ ನಮಗೆ ಹೊಸಬನೇನಲ್ಲ. ಕಾರ್ನ್‌ವಾಲಿಸನ ಸೇನೆಯ ಜೊತೆ ಬಂದು ಮೈಸೂರು ಸೀಮೆಯ ದುರ್ಗಗಳ ದೃಶ್ಯಗಳನ್ನು ಬರೆದವನು ಅವನೇ.

ಭಾರತದ್ದೇ ಭಾವಚಿತ್ರ ಪರಂಪರೆಯನ್ನು ಗ್ಯಾಲರಿ ನೇರವಾಗಿ ಕೈಗೆತ್ತಿಕೊಂಡದ್ದು 2010ರಲ್ಲಿ. 1560ರಿಂದ 1860ರವರೆಗಿನ ಭಾರತೀಯ ಭಾವಚಿತ್ರಗಳ ಆ ಪ್ರದರ್ಶನದಲ್ಲಿ ಮೊಘಲರ ಆಸ್ಥಾನದಿಂದ ಕಂಪನಿ ಕಾಲದವರೆಗಿನ ಚಿತ್ರಗಳಿದ್ದವು. ಪಕ್ಕದಿಂದ ಕಾಣುವ ಮುಖ, ಕೈಯಲ್ಲೊಂದು ಹೂವು, ಹಿಂದೆ ಬಯಲು ಹಸಿರು, ಇಷ್ಟರಲ್ಲೇ ವ್ಯಕ್ತಿತ್ವವನ್ನು ಹಿಡಿಯುವ ನಮ್ಮ ಕಲಾವಿದರ ಬಗೆಯನ್ನು ಮುಖ್ಯವಾಗಿ ಬ್ರಿಟನ್ನಿನವರ ಭಾವಚಿತ್ರಗಳಿಗೆ ಮೀಸಲಾದ ಮನೆಯಲ್ಲಿ ತೋರಿಸಿದ್ದು ಮಹತ್ವದ ಸಂಗತಿ.

ಮೈಸೂರಿನವರು ಹುಡುಕಿ ನೋಡಬೇಕಾದ ಎರಡು ಚಿತ್ರಗಳು ಈ ಗ್ಯಾಲರಿಯಲ್ಲಿಲ್ಲ. ಥಾಮಸ್ ಹಿಕಿ ಬರೆದ ದಿವಾನ್ ಪೂರ್ಣಯ್ಯನವರ ಚಿತ್ರ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾ ಕೇಂದ್ರದಲ್ಲಿದೆ. ಅದೇ ಹಿಕಿ ಸುಮಾರು 1805ರಲ್ಲಿ ಬರೆದ ಮೂವರು ಹೆಂಗಸರ ಚಿತ್ರವು ಮುಮ್ಮಡಿ ಕೃಷ್ಣರಾಜ ಒಡೆಯರ ಅರಮನೆಯ ಸ್ತ್ರೀಯರದೆಂದೂ, ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಸಿಡುಬಿನ ಲಸಿಕೆಯ ಪ್ರಚಾರಕ್ಕೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಅದಕ್ಕೆ ಮೊದಲು ಅವರನ್ನು ನರ್ತಕಿಯರೆಂದು ಭಾವಿಸಿದ್ದೂ ಉಂಟು. ಹೆಸರು ಕಳೆದುಕೊಂಡ ಭಾವಚಿತ್ರಕ್ಕೆ ಎಂಥ ಅನ್ಯಾಯವಾಗಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ.

ಸಾರ್ವಜನಿಕ ಕಾರ್ಯಕ್ರಮಗಳೆಂದರೆ ಏನೇನು?

ಕ್ಯುರೇಟರುಗಳ ಮತ್ತು ಕಲಾವಿದರ ಉಪನ್ಯಾಸಗಳು, ಪ್ರದರ್ಶನಕ್ಕೆ ಹೊಂದಿಕೊಂಡ ಸಂವಾದಗಳು, ಚಿತ್ರರಚನೆಯ ತರಗತಿಗಳು, ಶುಕ್ರವಾರ ರಾತ್ರಿಯ ಸಂಗೀತ ಮತ್ತು ಚಿತ್ರರಚನೆಯ ಕೂಟಗಳು, ಮಕ್ಕಳೊಂದಿಗೆ ಬರುವ ಕುಟುಂಬಗಳಿಗೆ ಕಾರ್ಯಾಗಾರಗಳು, ಶಾಲೆಗಳಿಗೆ ಪಾಠಕ್ರಮ. ಕೆಲವು ಉಚಿತ, ಕೆಲವಕ್ಕೆ ಟಿಕೆಟ್. ಉಚಿತವಾದವುಗಳಿಗೂ ಮುಂಗಡವಾಗಿ ಹೆಸರು ನೋಂದಾಯಿಸಬೇಕಾಗಬಹುದು.

ಕಟ್ಟಡದ ಹೊರಗೆ ನಡೆದ ಕಾರ್ಯಕ್ರಮಗಳಲ್ಲಿ ಹೆಚ್ಚು ಜನರನ್ನು ತಲುಪಿದ್ದು 2020ರ ಲಾಕ್‌ಡೌನ್ ಕಾಲದ ಛಾಯಾಚಿತ್ರ ಯೋಜನೆ. ಮನೆಯೊಳಗೆ ಉಳಿದ ಜನ ತಾವೇ ತೆಗೆದ ಚಿತ್ರಗಳನ್ನು ಕಳುಹಿಸುವಂತೆ ಗ್ಯಾಲರಿಯು ಅಂದಿನ ಕೇಂಬ್ರಿಜ್ ಡಚೆಸ್ ಕ್ಯಾಥರೀನ್ ಅವರ ಜೊತೆ ಸೇರಿ ಕರೆ ನೀಡಿದಾಗ 31,000ಕ್ಕೂ ಹೆಚ್ಚು ಚಿತ್ರಗಳು ಬಂದವು. ಆಯ್ದ 100 ಚಿತ್ರಗಳನ್ನು 80 ಊರುಗಳ ಬೀದಿಗಳಲ್ಲಿ, ಬಸ್ ತಂಗುದಾಣಗಳಲ್ಲಿ ದೊಡ್ಡದಾಗಿ ಹಾಕಲಾಯಿತು. ದಾದಿಯರು, ಅಂಗಡಿಯವರು, ಕಿಟಕಿಯ ಗಾಜಿನಾಚೆ ನಿಂತ ಅಜ್ಜಿಯರು ಅಲ್ಲಿದ್ದರು. ನನ್ನ ಮಟ್ಟಿಗೆ ಗ್ಯಾಲರಿಯ ಇತ್ತೀಚಿನ ಕೆಲಸಗಳಲ್ಲಿ ಇದಕ್ಕಿಂತ ಉದಾರವಾದದ್ದು ಇನ್ನೊಂದಿಲ್ಲ.

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಚಿತ್ರರಚನೆಯ ಕೂಟಕ್ಕೆ ಹೋಗಬಹುದೇ?

ಧಾರಾಳವಾಗಿ ಹೋಗಬಹುದು. ಅಲ್ಲಿ ಯಾರೂ ಅಂಕ ಕೊಡುವುದಿಲ್ಲ. ಒಂದು ಮುಖವನ್ನು ಅರ್ಧ ಗಂಟೆ ನೋಡುತ್ತ ಪೆನ್ಸಿಲು ಆಡಿಸಿದರೆ ಬಿದ್ದ ಗೆರೆ ಹೇಗೇ ಇರಲಿ, ಆ ಮುಖ ಮಾತ್ರ ಮರೆತುಹೋಗುವುದಿಲ್ಲ.

ಅಂಗವಿಕಲರಿಗೆ ಯಾವ ಸೌಲಭ್ಯಗಳಿವೆ?

ಗಾಲಿಕುರ್ಚಿಯಲ್ಲಿ ಬರುವವರಿಗೆ ಮೆಟ್ಟಿಲಿಲ್ಲದ ಪ್ರವೇಶ ಮತ್ತು ಲಿಫ್ಟುಗಳಿವೆ. ದೃಷ್ಟಿದೋಷವುಳ್ಳವರಿಗೆ ಚಿತ್ರವನ್ನು ಮಾತಿನಲ್ಲಿ ವಿವರಿಸುವ ಕೂಟಗಳು, ಶ್ರವಣದೋಷವುಳ್ಳವರಿಗೆ ಬ್ರಿಟಿಷ್ ಸಂಜ್ಞಾ ಭಾಷೆಯ ಕಾರ್ಯಕ್ರಮಗಳು ಆಗಾಗ ಏರ್ಪಡುತ್ತವೆ. ವಯಸ್ಸಾದ ತಂದೆ ತಾಯಿಯರನ್ನು ಕರೆದೊಯ್ಯುವವರು ವಾರದ ದಿನಗಳ ಬೆಳಗಿನ ಹೊತ್ತನ್ನು ಆರಿಸಿಕೊಳ್ಳುವುದು ಒಳ್ಳೆಯದು. ಆಗ ಜನಸಂದಣಿ ಕಡಿಮೆ.

ಫೋಟೊ ತೆಗೆಯಬಹುದೇ? ಚೀಲ ಒಯ್ಯಬಹುದೇ?

ಕಾಯಂ ಸಂಗ್ರಹದಲ್ಲಿ ಸ್ವಂತಕ್ಕಾಗಿ, ಫ್ಲಾಶ್ ಇಲ್ಲದೆ ತೆಗೆಯಬಹುದು. ವಿಶೇಷ ಪ್ರದರ್ಶನಗಳಲ್ಲಿ ಕೃತಿಗಳ ಒಡೆಯರು ಬೇರೆಯವರಾದ್ದರಿಂದ ನಿರ್ಬಂಧಗಳಿರಬಹುದು. ಅಲ್ಲಿನ ಫಲಕ ನೋಡಿ ಅದರಂತೆ ನಡೆದುಕೊಳ್ಳಿ. ವಿಮಾನ ನಿಲ್ದಾಣದಿಂದ ನೇರವಾಗಿ ದೊಡ್ಡ ಪೆಟ್ಟಿಗೆಗಳೊಂದಿಗೆ ಬರಬೇಡಿ. ಚೀಲಗಳ ತಪಾಸಣೆ ಕಿರಿಕಿರಿ ಎನಿಸಿದರೆ 1914ರ ಜುಲೈ ಘಟನೆಯನ್ನು ನೆನೆಯಬಹುದು: ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಮಹಿಳೆಯೊಬ್ಬಳು ಮಾಂಸ ಕಡಿಯುವ ಕತ್ತಿಯನ್ನು ಒಳಗೆ ತಂದು, ಮಿಲೇ ಬರೆದ ಕಾರ್ಲೈಲನ ಭಾವಚಿತ್ರವನ್ನು ಸೀಳಿದ್ದಳು.

ವಾರ್ಷಿಕ ಭಾವಚಿತ್ರ ಸ್ಪರ್ಧೆಗೆ ಕರ್ನಾಟಕದ ಕಲಾವಿದರು ಕೃತಿ ಕಳುಹಿಸಬಹುದೇ?

ಕಳುಹಿಸಬಹುದು. 1980ರಲ್ಲಿ ಆರಂಭವಾದ ಈ ಸ್ಪರ್ಧೆ 18 ವರ್ಷ ತುಂಬಿದ, ಯಾವುದೇ ದೇಶದ ಕಲಾವಿದರಿಗೆ ತೆರೆದಿದೆ. ಹಿಂದೆ ಇದ್ದ ಗರಿಷ್ಠ ವಯೋಮಿತಿಯನ್ನು 2007ರಲ್ಲಿ ತೆಗೆದುಹಾಕಲಾಯಿತು. ಮೊದಲ ಬಹುಮಾನ 35,000 ಪೌಂಡ್. ಚಿತ್ರವು ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು ಬರೆದದ್ದು ಅಥವಾ ಅಂಥ ಅಭ್ಯಾಸಚಿತ್ರದ ಆಧಾರದ ಮೇಲೆ ರೂಪಿಸಿದ್ದಾಗಿರಬೇಕು ಎಂಬ ಷರತ್ತನ್ನು ಚೆನ್ನಾಗಿ ಗಮನಿಸಿ. ಫೋಟೊ ನೋಡಿ ನಕಲು ಮಾಡಿದ ಚಿತ್ರಕ್ಕೆ ಇಲ್ಲಿ ಜಾಗವಿಲ್ಲ. ಮೊದಲ ಸುತ್ತಿಗೆ ಚಿತ್ರದ ಡಿಜಿಟಲ್ ಪ್ರತಿ ಸಾಕು, ಮುಂದಿನ ಸುತ್ತಿಗೆ ಆಯ್ಕೆಯಾದರೆ ಮೂಲ ಕೃತಿಯನ್ನು ಲಂಡನ್ನಿಗೆ ತಲುಪಿಸಬೇಕು. ಸಾಗಣೆಯ ವೆಚ್ಚವನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ವಿವೇಕ. ಛಾಯಾಚಿತ್ರಕಾರರಿಗೆ ಪ್ರತ್ಯೇಕವಾದ ಟೇಲರ್ ವೆಸಿಂಗ್ ಸ್ಪರ್ಧೆ ಇದೆ.

ಪ್ರಶಸ್ತಿಯ ಹೆಸರು ಬದಲಾದದ್ದೇಕೆ?

ಮೂರು ದಶಕಗಳ ಕಾಲ ಬಿಪಿ ತೈಲ ಕಂಪನಿ ಈ ಚಿತ್ರ ಸ್ಪರ್ಧೆಯ ಪ್ರಾಯೋಜಕನಾಗಿತ್ತು, ಪ್ರಶಸ್ತಿಗೂ ಬಿಪಿಯದೇ ಹೆಸರಿತ್ತು. ಹವಾಮಾನ ಬದಲಾವಣೆಯ ಕಾಲದಲ್ಲಿ ಕಲಾಸಂಸ್ಥೆಗಳು ತೈಲದ ಹಣ ಪಡೆಯಬಾರದೆಂದು ಕಲಾವಿದರೂ ಕಾರ್ಯಕರ್ತರೂ ವರ್ಷಗಟ್ಟಲೆ ಒತ್ತಾಯಿಸಿದರು. 2022ರ ಕೊನೆಗೆ ಆ ನಂಟು ಮುಗಿಯಿತು. 2024ರಿಂದ ಹರ್ಬರ್ಟ್ ಸ್ಮಿತ್ ಫ್ರೀಹಿಲ್ಸ್ ಎಂಬ ಕಾನೂನು ಸಂಸ್ಥೆ ಪ್ರಾಯೋಜಕತ್ವ ವಹಿಸಿಕೊಂಡಿದ್ದು, ಪ್ರಶಸ್ತಿಗೂ ಅದರ ಹೆಸರೇ ಬಂದಿದೆ.

ಲಂಡನ್ನಿಗೆ ಹೋಗಲಾಗದವರು ಏನು ಮಾಡಬಹುದು?

ಗ್ಯಾಲರಿಯ ಜಾಲತಾಣದಲ್ಲಿ ಚಿತ್ರಿತ ವ್ಯಕ್ತಿಯ ಹೆಸರಿನಿಂದ ಹುಡುಕುವ ಸೌಲಭ್ಯವಿದೆ. ಮೈಸೂರು ಯುದ್ಧಗಳ ಅಧಿಕಾರಿಗಳ ಹೆಸರುಗಳನ್ನು ಹಾಕಿ ನೋಡಿದರೆ ಮುದ್ರಿತ ಭಾವಚಿತ್ರಗಳು ಸಾಕಷ್ಟು ಸಿಗುತ್ತವೆ. ಸ್ಥಳೀಯ ಇತಿಹಾಸ ಬರೆಯುವವರಿಗೆ ಇದು ಉಪಯುಕ್ತ. ಅನೇಕ ಚಿತ್ರಗಳ ಸಣ್ಣ ಗಾತ್ರದ ಪ್ರತಿಗಳನ್ನು ಲಾಭದ ಉದ್ದೇಶವಿಲ್ಲದ ಬಳಕೆಗೆ ಉಚಿತವಾಗಿ ಪಡೆಯಬಹುದು. ಮಾರಾಟದ ಪುಸ್ತಕದಲ್ಲಿ ಅಚ್ಚು ಹಾಕಿಸುವುದಾದರೆ ಪರವಾನಗಿ ಬೇಕು, ಶುಲ್ಕವೂ ಇರುತ್ತದೆ. ಅರ್ಜಿಯಲ್ಲಿ ಪುಸ್ತಕದ ಭಾಷೆ, ಮುದ್ರಿಸುವ ಪ್ರತಿಗಳ ಸಂಖ್ಯೆ, ಚಿತ್ರ ಬರುವುದು ಮುಖಪುಟದಲ್ಲೋ ಒಳಪುಟದಲ್ಲೋ ಎಂಬುದನ್ನು ಸ್ಪಷ್ಟವಾಗಿ ತಿಳಿಸಿ, ಚಿತ್ರದ ಸಂಗ್ರಹ ಸಂಖ್ಯೆಯನ್ನು ತಪ್ಪದೆ ನಮೂದಿಸಿ.